ಚೇನಿಯವರ ಬೆಂಬಲ ಮತ್ತು ಯಾರೂ ಕೇಳದ ಲೆಕ್ಕ

2024ರ ಗೌರಿ ಗಣೇಶ ಹಬ್ಬದ ವಾರಾಂತ್ಯದಲ್ಲಿ, ಉತ್ತರ ವರ್ಜೀನಿಯಾದ ಪರಿಚಯದವರ ಮನೆಯೊಂದರಲ್ಲಿ ಮಂಗಳಾರತಿ ಮುಗಿದು ಕಡುಬು ಬಡಿಸುತ್ತಿದ್ದ ಹೊತ್ತಿಗೆ, ದಶಕಗಳಿಂದ ಇಲ್ಲಿಯೇ ನೆಲೆಸಿರುವ ಹಿರಿಯರೊಬ್ಬರು ಮೊಬೈಲನ್ನು ಎತ್ತಿ ಹಿಡಿದು, "ನೋಡಿದ್ರೇನ್ರೀ, ಡಿಕ್ ಚೇನಿ ಕೂಡ ನಮ್ಮ ಕಡೆ ಬಂದ!" ಎಂದು ಸಂಭ್ರಮದಿಂದ ಸಾರಿದರು. ಪಂಕ್ತಿಯಲ್ಲಿದ್ದ ಬಹುತೇಕರು ತಲೆದೂಗಿದರು. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಕಮಲಾ ಹ್ಯಾರಿಸ್ ಅವರ ತಾಯಿ ತಮಿಳುನಾಡಿನ ಮೂಲದವರಾದ್ದರಿಂದ ಅಲ್ಲಿ ಮೊದಲೇ ಒಂದು ನೆರೆಮನೆಯ ಅಭಿಮಾನ ಇತ್ತು. ಅದಕ್ಕೀಗ ಎದುರಾಳಿ ರಿಪಬ್ಲಿಕನ್ ಪಕ್ಷದವರಾಗಿ ಬುಷ್ ಕಾಲದಲ್ಲಿ ದೇಶದ ಉಪಾಧ್ಯಕ್ಷರಾಗಿದ್ದವರ ಮುದ್ರೆಯೂ ಬಿದ್ದಂತಾಯಿತು. ನನಗೆ ಮಾತ್ರ ಬಾಯಿಗಿಟ್ಟ ತುತ್ತು ಇಳಿಯಲಿಲ್ಲ. ಇರಾಕಿನ ಅಬು ಗ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಚಿತ್ರಗಳು ಹೊರಬಿದ್ದ 2004ರಲ್ಲಿ, ಇದೇ ಹಿರಿಯರು ಇದೇ ಚೇನಿಯ ಹೆಸರೆತ್ತಿ ಹಿಡಿಶಾಪ ಹಾಕಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ.

ಸುದ್ದಿಯೇನೋ ನಿಜವಾಗಿತ್ತು. ಚೇನಿ ಹ್ಯಾರಿಸ್ ಅವರಿಗೆ ಮತ ಹಾಕುವರೆಂದು ಸೆಪ್ಟೆಂಬರ್ 6ರಂದು ಅವರ ಮಗಳು ಲಿಜ್ ಚೇನಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ತಿಳಿಸಿದರು. ಅದೇ ದಿನ ಹೊರಬಂದ ಅವರ ಹೇಳಿಕೆ, ದೇಶದ 248 ವರ್ಷಗಳ ಇತಿಹಾಸದಲ್ಲಿ ಗಣರಾಜ್ಯಕ್ಕೆ ಡೊನಾಲ್ಡ್ ಟ್ರಂಪ್ ಅವರಿಗಿಂತ ದೊಡ್ಡ ಅಪಾಯ ಯಾವ ವ್ಯಕ್ತಿಯಿಂದಲೂ ಒದಗಿಲ್ಲವೆಂದು ಸಾರಿತು. ಒಂದು ವಾರ ಕಳೆಯುವಷ್ಟರಲ್ಲಿ, ಬುಷ್ ಕಾಲದ ಅಟಾರ್ನಿ ಜನರಲ್ ಆಲ್ಬರ್ಟೊ ಗೊನ್ಸಾಲೆಸ್ ಕೂಡ ಲೇಖನವೊಂದನ್ನು ಬರೆದು, ಕಾನೂನಿನ ಆಳ್ವಿಕೆಗೆ ಒಂದು ತಲೆಮಾರಿನಲ್ಲೇ ಅತ್ಯಂತ ಗಂಭೀರವಾದ ಬೆದರಿಕೆ ಬಹುಶಃ ಟ್ರಂಪ್ ಅವರೇ ಎಂದರು ಮತ್ತು ಹ್ಯಾರಿಸ್ ಅವರನ್ನು ಬೆಂಬಲಿಸಿದರು. ಹ್ಯಾರಿಸ್ ಈ ಬೆಂಬಲ ತಮಗೆ ಸಂದ ಗೌರವವೆಂದರು. ಸೆಪ್ಟೆಂಬರ್ 10ರ ಚರ್ಚೆಯಲ್ಲಿ ಚೇನಿಯವರ ಹೆಸರನ್ನು ಹೆಮ್ಮೆಯಿಂದಲೇ ಉಲ್ಲೇಖಿಸಿದರು.

ಇವರಿಬ್ಬರು ಯಾರೆಂಬುದನ್ನು ಈಗಿನ ಹುಡುಗರಿಗೆ ಹೇಳಬೇಕಾಗುತ್ತದೆ, ಏಕೆಂದರೆ ಕ್ಯೂಬಾದಲ್ಲಿರುವ ಅಮೆರಿಕದ ನೆಲೆಯ ಗ್ವಾಂಟನಾಮೊ ಸೆರೆಮನೆಗೆ ಮೊದಲ ಕೈದಿಗಳು ಬಂದಿಳಿದ 2002ರ ಜನವರಿ 11ರಂದು ಅವರಲ್ಲಿ ಬಹಳಷ್ಟು ಮಂದಿ ಹುಟ್ಟಿಯೇ ಇರಲಿಲ್ಲ. ಆ ತಿಂಗಳ 25ರ ದಿನಾಂಕ ಹೊತ್ತು ಶ್ವೇತಭವನದ ಕಾನೂನು ಸಲಹೆಗಾರ ಗೊನ್ಸಾಲೆಸ್ ಅವರ ಹೆಸರಿನಲ್ಲಿ ಸಿದ್ಧವಾದ ಟಿಪ್ಪಣಿಯ ವಾದವೇನೆಂದರೆ, ಶತ್ರು ಕೈದಿಗಳ ವಿಚಾರಣೆಗೆ ಜಿನೀವಾ ಒಪ್ಪಂದ ಹಾಕಿರುವ ಕಟ್ಟುನಿಟ್ಟಿನ ಮಿತಿಗಳು ಭಯೋತ್ಪಾದನೆಯ ವಿರುದ್ಧದ ಈ ಹೊಸ ಬಗೆಯ ಯುದ್ಧದಲ್ಲಿ ಹಳತಾಗಿಹೋಗಿವೆ. ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಒಪ್ಪಲಿಲ್ಲ. ಆದರೆ ಅವರ ಮಾತು ನಡೆಯಲಿಲ್ಲ. ಗ್ವಾಂಟನಾಮೊಗೆ ಒಟ್ಟು ಸುಮಾರು 780 ಮಂದಿಯನ್ನು ತಂದು ಹಾಕಲಾಯಿತು, ಹೆಚ್ಚಿನವರ ಮೇಲೆ ಆರೋಪಪಟ್ಟಿಯೆಂಬುದೇ ಇರಲಿಲ್ಲ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ರಹಸ್ಯ ಸೆರೆಮನೆಗಳಲ್ಲಿ ಕನಿಷ್ಠ 119 ಮಂದಿಯನ್ನು ಇಟ್ಟುಕೊಂಡಿತ್ತು. ಅವರಲ್ಲಿ ಕನಿಷ್ಠ 26 ಮಂದಿಯನ್ನು ಹಿಡಿದದ್ದೇ ತಪ್ಪೆಂದು ಸೆನೆಟ್ ಸಮಿತಿಯ ವರದಿ 2014ರ ಡಿಸೆಂಬರ್‌ನಲ್ಲಿ ಹೇಳಿತು. ಅದೇ ತಿಂಗಳು ಟಿವಿ ಸಂದರ್ಶನದಲ್ಲಿ ಇದನ್ನು ಮುಂದಿಟ್ಟು ಕೇಳಿದಾಗ ಚೇನಿ, ನಿರಪರಾಧಿಗಳಾದ ಕೆಲವರಿಗಿಂತ ಬಿಡುಗಡೆಯಾಗಿ ಹೋದ ಕೆಟ್ಟವರ ಚಿಂತೆಯೇ ತಮಗೆ ಹೆಚ್ಚೆಂದೂ, ಅವಕಾಶ ಸಿಕ್ಕರೆ ಮತ್ತೆ ಅದನ್ನೇ ಮಾಡುವೆನೆಂದೂ ಉತ್ತರಿಸಿದರು. ಆ ಮಾತನ್ನು ಅವರು ಮುಂದೆ ಎಂದೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗೊನ್ಸಾಲೆಸ್ ಅವರನ್ನು ಅಟಾರ್ನಿ ಜನರಲ್ ಹುದ್ದೆಗೆ ಸೆನೆಟ್ 2005ರಲ್ಲಿ ಒಪ್ಪಿದ್ದು 60ಕ್ಕೆ 36 ಮತಗಳಿಂದ. ಆ 36ರಲ್ಲಿ ಒಬ್ಬ ಪಕ್ಷೇತರರನ್ನು ಬಿಟ್ಟರೆ ಉಳಿದವರೆಲ್ಲ ಡೆಮಾಕ್ರಟರು. ಹತ್ತೊಂಬತ್ತು ವರ್ಷಗಳ ಬಳಿಕ ಅದೇ ಪಕ್ಷ ಅವರ ಲೇಖನವನ್ನು ಪ್ರಶಸ್ತಿಪತ್ರದಂತೆ ಹಿಡಿದು ತಿರುಗಿತು.

ಅವರು ಯಾರಿಗೆ ಮತ ಹಾಕಬೇಕೆಂಬುದು ಅವರಿಗೆ ಸೇರಿದ್ದು, ಅದರಲ್ಲಿ ನನ್ನ ತಕರಾರಿಲ್ಲ. ನನಗೆ ಸಹಿಸಲಾಗದ್ದು ಸ್ವಾಗತದ ರೀತಿ. ಬಾಗಿಲಲ್ಲಿ ನಿಲ್ಲಿಸಿ ಒಂದೇ ಒಂದು ಪ್ರಶ್ನೆ ಕೇಳುವವರು ಆ ಪಕ್ಷದ ಮುಂಚೂಣಿಯಲ್ಲಿ ಇರಲಿಲ್ಲ. ಇಲ್ಲಿಯ ಸಾರ್ವಜನಿಕ ಜೀವನದಲ್ಲಿ ಹುದ್ದೆಯಿಂದ ಇಳಿದು ಒಂದಷ್ಟು ವರ್ಷ ಕಳೆದರೆ ಸಾಕು, ಮನುಷ್ಯ ತಾನಾಗಿಯೇ ಮುತ್ಸದ್ದಿಯಾಗಿಬಿಡುತ್ತಾನೆ. ಅವನ ಹಳೆಯ ಕಡತಗಳನ್ನು ತೆರೆಯುವುದು ಅಸಭ್ಯತೆಯಾಗಿಬಿಡುತ್ತದೆ. ಮಾತಿನಲ್ಲಿ ನಯ, ನಡೆಯಲ್ಲಿ ನಯ, ಮರೆಯುವುದರಲ್ಲಿಯೂ ಅಷ್ಟೇ ನಯ.

ನಮ್ಮಲ್ಲಿ ಹೀಗಲ್ಲ ಎಂದು ಹೇಳಬೇಕೆನಿಸಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಸೋದರಮಾವ. ಮಲೆನಾಡಿನ ಹಳ್ಳಿಯೊಂದರಲ್ಲಿ ಮಾಸ್ತರರಾಗಿದ್ದ ಅವರು ಸಮಾಜವಾದಿಗಳ ಸಹವಾಸದ ತಪ್ಪಿಗೆ ತುರ್ತು ಪರಿಸ್ಥಿತಿಯಲ್ಲಿ, ವಿಚಾರಣೆಯಿಲ್ಲದೆ ಬಂಧಿಸುವ ಮೀಸಾ ಕಾಯ್ದೆಯಡಿ ಜೈಲು ಕಂಡವರು. ಆ ಕಾಯ್ದೆ ಹುಟ್ಟಿದ್ದೂ 1971ರಲ್ಲಿ, ಬಾಂಗ್ಲಾ ಯುದ್ಧದ ವರ್ಷದಲ್ಲಿ. ಆ ಯುದ್ಧಕ್ಕೆಂದು ಘೋಷಿಸಿದ್ದ ತುರ್ತು ಪರಿಸ್ಥಿತಿಯನ್ನು ತೆಗೆಯುವ ಮೊದಲೇ 1975ರ ಜೂನ್‌ನಲ್ಲಿ ಅದರ ಮೇಲೆ ಇನ್ನೊಂದನ್ನು ಹೇರಲಾಗಿತ್ತು. 1983ರ ವಿಧಾನಸಭಾ ಚುನಾವಣೆಯ ವೇಳೆಗೆ, ಆ ದಿನಗಳಲ್ಲಿ ಆಳುವ ಪಕ್ಷದಲ್ಲಿ ಮೆರೆದಿದ್ದ ತಾಲ್ಲೂಕಿನ ಮುಖಂಡರೊಬ್ಬರು ಜನತಾ ಪಕ್ಷಕ್ಕೆ ಬಂದು, ಮಾವನ ಮನೆಗೂ ಮತ ಕೇಳಲು ಬಂದರು. ನಾನಾಗ ಹುಡುಗ, ಜಗಲಿಯ ಕಂಬಕ್ಕೆ ಒರಗಿ ಕೂತಿದ್ದೆ. ಅತ್ತೆ ಬೆಲ್ಲ ನೀರು ತಂದಿಟ್ಟರು. ಮಾವ ಎಲೆ ಅಡಿಕೆಯ ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿ, "ನೀವು ನಮ್ಮ ಪಕ್ಷಕ್ಕೆ ಬಂದದ್ದು ಸಂತೋಷ. ಒಂದು ಮಾತು ಕೇಳಬೇಕಿತ್ತು. ಆವತ್ತು ನನ್ನ ಹೆಸರು ಬರೆಸಿದ್ದು ಯಾರು?" ಎಂದರು. ಸುಣ್ಣ ಹಚ್ಚುತ್ತಿದ್ದ ಆ ಮುಖಂಡರ ಬೆರಳು ಎಲೆಯ ಮೇಲೆಯೇ ನಿಂತಿತು. "ಪಟ್ಟಿ ಮೇಲಿಂದ ಬಂದದ್ದು ಮಾಸ್ತರೇ" ಎಂದರು. "ಮೇಲಿನವರಿಗೆ ನಮ್ಮೂರು ಎಲ್ಲಿದೆ ಅಂತಲೇ ಗೊತ್ತಿರಲಿಲ್ಲವಲ್ಲ?" ಎಂದರು ಮಾವ. ದನಿ ಏರಿರಲಿಲ್ಲ. ಜೊತೆಯಲ್ಲಿ ಬಂದಿದ್ದ ಕಾರ್ಯಕರ್ತರು ಅಂಗಳದ ಕಡೆಗೆ ಮುಖ ತಿರುಗಿಸಿಕೊಂಡು ನಿಂತರು.

ಜಗಲಿಯ ಮೇಲೆ ನಡೆದದ್ದೇ ದೆಹಲಿಯಲ್ಲಿಯೂ ನಡೆದಿತ್ತು, ಇನ್ನೂ ದೊಡ್ಡ ಪ್ರಮಾಣದಲ್ಲಿ. ತುರ್ತು ಪರಿಸ್ಥಿತಿಗೆ ಒಪ್ಪಿಗೆ ಕೋರುವ ಗೊತ್ತುವಳಿಯನ್ನು ಲೋಕಸಭೆಯಲ್ಲಿ ಮಂಡಿಸಿದ ಬಾಬು ಜಗಜೀವನ ರಾಮ್ ಅವರೇ 1977ರ ಫೆಬ್ರವರಿ 2ರಂದು ಇಂದಿರಾ ಗಾಂಧಿಯವರ ಸಂಪುಟ ತೊರೆದು ವಿರೋಧ ಪಕ್ಷಗಳ ಜೊತೆ ನಿಂತರು. ಚೇನಿಯವರ ಹೇಳಿಕೆ ಅಮೆರಿಕದ ಚುನಾವಣೆಯಲ್ಲಿ ಮಾಡಿದ ಸದ್ದಿಗೂ ಅಂದಿನ ಆ ಸದ್ದಿಗೂ ಹೋಲಿಕೆಯೇ ಇಲ್ಲ. ಗಾಳಿ ತಿರುಗಿದ್ದೇ ಅಲ್ಲಿಂದ ಎಂದು ಹೇಳುವವರು ಇಂದಿಗೂ ಇದ್ದಾರೆ. ಜೈಲಿನಿಂದ ಆಗತಾನೇ ಹೊರಬಂದಿದ್ದ ನಾಯಕರು ಅವರನ್ನು ಜೊತೆಗೆ ಸೇರಿಸಿಕೊಂಡರು, ಮಂತ್ರಿಯನ್ನೂ ಮಾಡಿದರು. ಆದರೆ ಪ್ರಧಾನಿ ಪಟ್ಟದ ಮಾತು ಬಂದಾಗ ಅಡ್ಡ ನಿಂತ ಕಾರಣಗಳಲ್ಲಿ ಆ ಹಳೆಯ ಗೊತ್ತುವಳಿಯೂ ಒಂದಾಗಿತ್ತು. ಅಷ್ಟೇ ಅಲ್ಲ, ಅವರು ಮಂತ್ರಿಯಾಗಿ ಕೂತಿದ್ದ ಸರ್ಕಾರವೇ 1977ರ ಮೇ ತಿಂಗಳಲ್ಲಿ ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆಗೆ ಷಾ ಆಯೋಗವನ್ನು ನೇಮಿಸಿತು. ಮುಂದಿನ ವರ್ಷ ಸಂವಿಧಾನಕ್ಕೆ 44ನೇ ತಿದ್ದುಪಡಿ ತಂದು, 'ಆಂತರಿಕ ಕ್ಷೋಭೆ'ಯ ನೆಪದಲ್ಲಿ ತುರ್ತು ಪರಿಸ್ಥಿತಿ ಹೇರುವ ದಾರಿಯನ್ನು ಮುಚ್ಚಿತು, ಜೀವಿಸುವ ಹಕ್ಕನ್ನು ಅಮಾನತಿನಲ್ಲಿಡದಂತೆ ಬೀಗ ಹಾಕಿತು. ಆ ಕಡೆಯಿಂದ ಬಂದವರ ಬೆಂಬಲ ಬೇಕೇಬೇಕಾಗಿತ್ತು, ಪಡೆದರು. ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಬರೆದುಕೊಂಡರು.

ಅಮೆರಿಕದಲ್ಲಿ ಆ ಪುಸ್ತಕವನ್ನು ತೆರೆಯಲೇ ಇಲ್ಲ. 2009ರ ಜನವರಿಯಲ್ಲಿ, ಅಧಿಕಾರ ಸ್ವೀಕರಿಸುವ ಮೊದಲೇ ಬರಾಕ್ ಒಬಾಮ, ಹಿಂದೆ ನೋಡುವುದಕ್ಕಿಂತ ಮುಂದೆ ನೋಡಬೇಕೆಂದರು. ಚಿತ್ರಹಿಂಸೆಗೆ ಕಾನೂನಿನ ಅಂಗಿ ತೊಡಿಸಿದ ಯಾವ ಅಧಿಕಾರಿಯೂ ಕಟಕಟೆಯಲ್ಲಿ ನಿಲ್ಲಲಿಲ್ಲ. ಗ್ವಾಂಟನಾಮೊ ಮುಚ್ಚಲೂ ಇಲ್ಲ. ಇದನ್ನು ಆ ಹಬ್ಬದ ಊಟದ ಬಳಿಕ ಹಿರಿಯರ ಮುಂದೆ ಹೇಳಿದಾಗ ಅವರು, "ಮನೆಗೆ ಬೆಂಕಿ ಬಿದ್ದಾಗ ನೀರು ಹೊತ್ತು ತಂದವನ ಜಾತಕ ಕೇಳ್ತೀರೇನ್ರೀ?" ಎಂದು ನಕ್ಕರು. ನೀರು ತಂದವರು ಆ ಮನೆಗೆ ಇನ್ನೊಂದು ಮೂಲೆಯಲ್ಲಿ ಎಣ್ಣೆ ಸುರಿದಿಟ್ಟಿದ್ದರೆ ಕೇಳಲೇಬೇಕಾಗುತ್ತದೆ ಎಂಬ ಉತ್ತರ ನನಗೆ ಹೊಳೆದದ್ದು, ಕಾರು ಹತ್ತಿದ ಮೇಲೆ. ಆ ಎಣ್ಣೆ ಎಲ್ಲಿತ್ತೆಂಬುದು ಬೇಗನೆ ಗೊತ್ತಾಯಿತು. 2025ರ ಜನವರಿ 29ರಂದು ಟ್ರಂಪ್, ಗ್ವಾಂಟನಾಮೊ ನೆಲೆಯಲ್ಲಿ 30,000 ವಲಸಿಗರನ್ನು ಇಡಲು ಸಜ್ಜುಗೊಳಿಸುವುದಾಗಿ ಘೋಷಿಸಿದರು. ಫೆಬ್ರವರಿ ಮೊದಲ ವಾರದಲ್ಲಿ ವಿಮಾನದಲ್ಲಿ ಹೋದ ಮೊದಲ ತಂಡದವರನ್ನು ಇಟ್ಟದ್ದು ಯುದ್ಧಕೈದಿಗಳಿಗೆಂದು ಕಟ್ಟಿದ್ದ 6ನೇ ಶಿಬಿರದಲ್ಲಿ. ಗಣರಾಜ್ಯಕ್ಕೆ ಅತಿದೊಡ್ಡ ಅಪಾಯವೆಂದು ಚೇನಿ ಯಾರನ್ನು ಕರೆದರೋ, ಅವರ ಕೈಗೆ ಸಿಕ್ಕಿದ್ದು ಚೇನಿಯವರ ಕಾಲದಲ್ಲಿ ತೆರೆದ ಸೆರೆಮನೆ. 2024ರ ಸೆಪ್ಟೆಂಬರ್‌ನಲ್ಲಿ ಹ್ಯಾರಿಸ್ ಅವರು, ನಿಮ್ಮ ಮತಕ್ಕೆ ವಂದನೆ, ಆದರೆ ಅಂದು ನೀವು ಮಾಡಿದ್ದನ್ನು ನಾನು ಒಪ್ಪುವುದಿಲ್ಲ, ಆ ಸೆರೆಮನೆಯನ್ನು ಮುಚ್ಚುತ್ತೇನೆ ಎಂದು ಎರಡು ಮಾತು ಸೇರಿಸಿದ್ದರೆ ಗಂಟೇನು ಹೋಗುತ್ತಿತ್ತು? ಅದರಿಂದ ಫಲಿತಾಂಶ ಬದಲಾಗುತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ಅರಬ್ ಮೂಲದವರು ದೊಡ್ಡ ಸಂಖ್ಯೆಯಲ್ಲಿರುವ ಮಿಷಿಗನ್‌ನ ಡಿಯರ್‌ಬಾರ್ನ್ ಪಟ್ಟಣದಲ್ಲಿ ಟ್ರಂಪ್ ಅವರೇ ಮುಂದೆ ಬಂದರು. ಅದಕ್ಕೆ ಗಾಜಾ ಮುಖ್ಯ ಕಾರಣ, ನಿಜ. ಚೇನಿ ಮನೆತನದೊಂದಿಗೆ ಒಂದೇ ವೇದಿಕೆ ಏರಿದ್ದು ಅಲ್ಲಿ ಯಾರ ಮನಸ್ಸನ್ನೂ ಗೆದ್ದಿರಲಾರದು.

ಇಷ್ಟು ಬರೆದ ಮೇಲೆ, ಮನಸ್ಸಿಲ್ಲದಿದ್ದರೂ ಕೆಲವನ್ನು ಒಪ್ಪಬೇಕು. 1977ರ ಮಾರ್ಚ್‌ನಲ್ಲಿ ಉತ್ತರ ಭಾರತವೆಲ್ಲ ತುರ್ತು ಪರಿಸ್ಥಿತಿಗೆ ಉತ್ತರ ಕೊಟ್ಟಾಗ, ನಮ್ಮ ಕರ್ನಾಟಕ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಕೂಡಿಹಾಕಿದ ಜೈಲು ಇದ್ದದ್ದು ಬೆಂಗಳೂರಿನಲ್ಲಿ. ಆಸ್ತಮಾದಿಂದ ನರಳುತ್ತಿದ್ದ ನಟಿ ಸ್ನೇಹಲತಾ ರೆಡ್ಡಿ ತಿಂಗಳುಗಟ್ಟಲೆ ಅಲ್ಲಿಯೇ ಇದ್ದು, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಆಗ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರನ್ನು ನಾವು ಇಂದು ನೆನೆಯುವುದು ಭೂಸುಧಾರಣೆಗೆ, ಹಿಂದುಳಿದವರಿಗೆ ಕೊಟ್ಟ ದನಿಗೆ. ಅವರು ಮುಂದೆ ಇಂದಿರಾ ಅವರಿಂದ ದೂರವಾದಾಗ ಆ ಜೈಲಿನ ಲೆಕ್ಕವನ್ನು ಕೇಳಿದವರು ಎಷ್ಟು ಮಂದಿ? 1978ರ ನವೆಂಬರ್‌ನಲ್ಲಿ ಇಂದಿರಾ ಅವರನ್ನು ಲೋಕಸಭೆಗೆ ಮರಳಿ ಕಳಿಸಿದ್ದೇ ನಮ್ಮ ಚಿಕ್ಕಮಗಳೂರು. ಷಾ ಆಯೋಗದ ವರದಿಗಳು 1980ರ ನಂತರ ಮೂಲೆ ಸೇರಿದವು, ಯಾರಿಗೂ ಹೇಳಿಕೊಳ್ಳುವಂಥ ಶಿಕ್ಷೆಯಾಗಲಿಲ್ಲ. ಸರ್ವೋಚ್ಚ ನ್ಯಾಯಾಲಯ 1976ರಲ್ಲಿ, ಎಚ್.ಆರ್. ಖನ್ನಾ ಒಬ್ಬರ ಭಿನ್ನಮತವನ್ನು ಬಿಟ್ಟರೆ, ಬಂಧಿತರ ಕೈಬಿಟ್ಟಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವೋ 2004, 2006 ಮತ್ತು 2008ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಗ್ವಾಂಟನಾಮೊ ಕೈದಿಗಳ ಪರವಾಗಿ ತೀರ್ಪು ಕೊಟ್ಟಿತು. ಸೆನೆಟ್ ವರದಿಯ ಸಾರಾಂಶ ನನ್ನಂಥ ವಲಸಿಗನೂ ಮನೆಯಲ್ಲಿ ಕೂತು ಓದಬಹುದಾದಷ್ಟು ಬಹಿರಂಗವಾಗಿದೆ. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಗೂಂಡಾ ಕಾಯ್ದೆ ಕರ್ನಾಟಕದಲ್ಲಿ 1985ರಿಂದ ಜಾರಿಯಲ್ಲಿದೆ. ಯಾವ ಪಕ್ಷ ಬಂದರೂ ಅದನ್ನು ತೆಗೆಯುವ ಮಾತಿಲ್ಲ.

ಇನ್ನೊಂದು ವಿಷಯ. ಚೇನಿ ಕುಟುಂಬಕ್ಕೆ ಈ ಬೆಂಬಲದಿಂದ ದಕ್ಕಿದ್ದೇನೂ ಇಲ್ಲ. ಲಿಜ್ ಚೇನಿ 2022ರಲ್ಲಿಯೇ ವಯೋಮಿಂಗ್‌ನ ಪಕ್ಷದೊಳಗಿನ ಚುನಾವಣೆಯಲ್ಲಿ ಸೋತು ಸ್ಥಾನ ಕಳೆದುಕೊಂಡಿದ್ದರು. ಅವರ ತಂದೆ, 2025ರ ನವೆಂಬರ್‌ನಲ್ಲಿ ಕಣ್ಣು ಮುಚ್ಚುವ ಹೊತ್ತಿಗೆ, ಜೀವಮಾನವಿಡೀ ಕಟ್ಟಿದ ಪಕ್ಷಕ್ಕೆ ಹೊರಗಿನವರಾಗಿದ್ದರು. ನಮ್ಮಲ್ಲಿ 2019ರಲ್ಲಿ ಮುಂಬೈ ಹೋಟೆಲಿಗೆ ಹೋಗಿ ಕೂತ ಶಾಸಕರಲ್ಲಿ ಬಹುತೇಕರು ಮರಳಿ ಬಂದು ಮಂತ್ರಿಗಳಾದರು. ಮಾವನ ಪ್ರಶ್ನೆಗೆ ಬೆವರಿದ ಆ ಮುಖಂಡರೂ, ಸರ್ಕಾರ ಬಂದ ಮೇಲೆ ನಿಗಮವೊಂದರ ಅಧ್ಯಕ್ಷರಾದರು. ಪಟ್ಟಿಗೆ ಹೆಸರು ಬರೆಸಿದ್ದು ಯಾರೆಂದು ಅವರು ಕೊನೆಯವರೆಗೂ ಹೇಳಲಿಲ್ಲ, ಮಾವನೂ ಆ ಚುನಾವಣೆಯಲ್ಲಿ ಬಾವುಟ ಹಿಡಿದು ಅವರ ಜೊತೆಗೇ ಊರೂರು ಸುತ್ತಿದರು. ನವೆಂಬರ್ 5ರಂದು ನಾನು ಹ್ಯಾರಿಸ್ ಅವರಿಗೇ ಮತ ಹಾಕಿದೆ; ಆ ಹಿರಿಯರ ಜೊತೆ ಒಂದೇ ಕಾರಿನಲ್ಲಿ ಮತಗಟ್ಟೆಗೆ ಹೋಗಿ ಬಂದೆ, ದಾರಿಯುದ್ದಕ್ಕೂ ಚೇನಿಯವರ ಬಗ್ಗೆಯೇ ಜಗಳವಾಡುತ್ತ.