ಅಟ್ಟದ ಮೇಲಿನ ಹಳೆಯ ರೂಟರ್ ಯಾರ ಹೊಣೆ?

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ಅಂಗಡಿ, ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವ ನನಗೆ ಮತ್ತೆ ಮತ್ತೆ ಎದುರಾಗುವ ಸಂಗತಿಯೊಂದಿದೆ. ವೈಫೈ ಪಾಸ್‌ವರ್ಡನ್ನು ಪಕ್ಕದ ಅಂಗಡಿಯವರಿಗೂ ಹೇಳದೆ ಜೋಪಾನ ಮಾಡುವ ಮಾಲೀಕರು, ರೂಟರಿನ ಸೆಟ್ಟಿಂಗ್ ಪುಟಕ್ಕೆ ಬೇರೆಯೇ ಪಾಸ್‌ವರ್ಡ್ ಇದೆ ಎಂಬುದನ್ನೇ ಅರಿಯದೆ, ಅದನ್ನು ಕಂಪನಿಯಿಂದ ಬಂದ ‘ಅಡ್ಮಿನ್’ ಆಗಿಯೇ ಬಿಟ್ಟಿರುತ್ತಾರೆ. ಇದಕ್ಕೆ ಗಿರಾಕಿಗಿಂತ ಹೆಚ್ಚಿನ ಹೊಣೆ ನೆಟ್ ಹಾಕಿಕೊಟ್ಟವರದು ಎಂಬುದು ನನ್ನ ಖಚಿತ ಅಭಿಪ್ರಾಯ.

2016ರಲ್ಲಿ ರೂಟರ್, ಕ್ಯಾಮೆರಾಗಳಿಗೆ ಹಬ್ಬಿದ ಮಿರಾಯ್ ಎಂಬ ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಒಳನುಗ್ಗಲು ಬಳಸಿದ್ದು ಯಾವ ಮಹಾವಿದ್ಯೆಯನ್ನೂ ಅಲ್ಲ, ಕಂಪನಿಗಳು ಇಟ್ಟುಕೊಟ್ಟ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿಯನ್ನು. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನ ಸಾವಿರಾರು ಮೋಡೆಮ್‌ಗಳು ಮಾಲ್‌ವೇರ್ ದಾಳಿಗೆ ತುತ್ತಾದಾಗಲೂ ಸಿಕ್ಕಿಬಿದ್ದದ್ದು ಮೂಲ ಪಾಸ್‌ವರ್ಡ್ ಬದಲಿಸದ ಮೋಡೆಮ್‌ಗಳೇ.

ಆದರೆ ಕಣ್ಣೆದುರಿನ ರೂಟರಿಗಿಂತ ನನಗೆ ಹೆಚ್ಚು ಅಂಜಿಕೆ ಇರುವುದು ಮರೆತುಹೋದ ರೂಟರಿನ ಬಗ್ಗೆ. ಒಳಕೋಣೆಗೆ ಸಿಗ್ನಲ್ ಬರುವುದಿಲ್ಲವೆಂದು ಯಾರೋ ಹಳೆಯ ರೂಟರೊಂದನ್ನು ತಂದು ಅಟ್ಟದ ಮೇಲೆ ಸಿಕ್ಕಿಸಿ ಹೋಗಿರುತ್ತಾರೆ. ಒಂದು ಅಂಗಡಿಯಲ್ಲಿ ಅದು ಲೆಕ್ಕದ ಪುಸ್ತಕಗಳ ಗಂಟಿನ ಹಿಂದೆ, ಧೂಳು ಮೆತ್ತಿದ ಅಡಾಪ್ಟರಿನೊಂದಿಗೆ ಹಸಿರು ದೀಪ ಮಿನುಗಿಸುತ್ತ ಕೂತಿತ್ತು. “ಅದು ಆಫ್ ಆಗೈತಿ ಅಂದ್ಕಂಡಿದ್ದೆ ಸರ್” ಎಂದರು ಮಾಲೀಕರು. ಮುಖ್ಯ ರೂಟರಿನ ಪಟ್ಟಿಯಲ್ಲಿ ಇಂಥದ್ದು ಒಂದೇ ಒಂದು ಸಾಧನವಾಗಿ ಕಾಣುತ್ತದೆ. ಅದರ ವ್ಯಾನ್ ಪೋರ್ಟಿಗೆ, ಅಂದರೆ ಹೊರಗಿನ ನೆಟ್ ಬರುವ ಕಿಂಡಿಗೆ, ಕೇಬಲ್ ಕೊಟ್ಟಿದ್ದರೆ, ಹಿಂದಿರುವ ಮೊಬೈಲು, ಕ್ಯಾಮೆರಾಗಳೆಲ್ಲ ಮರೆಯಾಗಿಬಿಡುತ್ತವೆ. ಆದ್ದರಿಂದ ಎನ್‌ಮ್ಯಾಪ್ ಅಥವಾ ಫಿಂಗ್‌ನಂಥ, ಸಾಧನಗಳನ್ನು ಹುಡುಕಿಕೊಡುವ ತಂತ್ರಾಂಶದಿಂದ ನೆಟ್‌ವರ್ಕ್ ಜಾಲಾಡಿ, ಸಿಕ್ಕ ಪ್ರತಿ ವಿಳಾಸವನ್ನೂ ಬ್ರೌಸರಿನಲ್ಲಿ ತೆರೆದು ಲಾಗಿನ್ ಪುಟ ಬರುತ್ತದೆಯೇ ಎಂದು ನೋಡಬೇಕು. ಸಾಧನವನ್ನು ದೂರದಿಂದ ನಿಯಂತ್ರಿಸುವ, ಗೂಢಲಿಪಿಯಿಲ್ಲದ ಹಳೆಯ ವಿಧಾನವಾದ ಟೆಲ್ನೆಟ್‌ನ 23ನೇ ಪೋರ್ಟ್ ತೆರೆದಿದ್ದರೆ ಅಲ್ಲೇ ಅನುಮಾನ ಪಡಬೇಕು. ಸುತ್ತಲಿನ ವೈಫೈಗಳನ್ನು ತೋರಿಸುವ ವೈಫೈ ಅನಲೈಜರ್ ಆ್ಯಪಿನಲ್ಲಿ ಡಬ್ಲ್ಯುಇಪಿ (ಸುಲಭವಾಗಿ ಒಡೆಯಬಹುದಾದ ಹಳೆಯ ವೈಫೈ ಭದ್ರತೆ) ಎಂದು ತೋರಿಸುವ ರೂಟರ್ ಇದ್ದರೆ ಹೆಚ್ಚು ಯೋಚಿಸದೆ ಕಿತ್ತು ಹಾಕಬಹುದು. ಇದೆಲ್ಲ ನಮ್ಮದೇ ನೆಟ್‌ವರ್ಕಿನಲ್ಲಿ ಮಾತ್ರ. ಅನುಮತಿಯಿಲ್ಲದೆ ಪಕ್ಕದವರ ರೂಟರಿನೊಳಗೆ ಇಣುಕಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳು ಕಾದಿವೆ.

ಭದ್ರಪಡಿಸುವ ಕೆಲಸಕ್ಕೆ ಅರ್ಧ ಗಂಟೆಯೂ ಹಿಡಿಯದು: ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಹೊಸದು ಮಾಡಿ, ಹೊರಗಿನಿಂದ ರೂಟರ್ ತೆರೆಯುವ ರಿಮೋಟ್ ಸೌಲಭ್ಯವನ್ನೂ, ಪಾಸ್‌ವರ್ಡ್ ಬದಲು ಗುಂಡಿ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಅನ್ನೂ ಮುಚ್ಚಿದರೆ ಬಹುಪಾಲು ಮುಗಿಯಿತು. ಡಬ್ಲ್ಯುಪಿಎಸ್ ಪಿನ್ ಎಂಟು ಅಂಕಿಯದಾದರೂ ಅದನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ 11,000 ಯತ್ನಗಳಲ್ಲಿ ಒಡೆಯಬಹುದೆಂಬುದು 2011ರಲ್ಲೇ ಬಯಲಾಗಿದೆ.

ಬ್ರಿಟನ್ 2024ರ ಏಪ್ರಿಲ್‌ನಿಂದ ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಕಾನೂನಿನಲ್ಲೇ ನಿಷೇಧಿಸಿದೆ. ನಮ್ಮೂರಿನ ನೆಟ್‌ನವರು ಕಾನೂನಿಗೆ ಕಾಯಬೇಕಿಲ್ಲ. ಗಿರಾಕಿಯ ಕೈಯಿಂದಲೇ ಹೊಸ ಪಾಸ್‌ವರ್ಡ್ ಹಾಕಿಸಿ, ವರ್ಷದ ನವೀಕರಣಕ್ಕೆ ಬಂದಾಗ ಫರ್ಮ್‌ವೇರ್ ನೋಡಿದ ದಿನಾಂಕವನ್ನು ಬಿಲ್ಲಿನ ಮೇಲೆ ಬರೆದುಕೊಟ್ಟರೆ ಸಾಕು. ಅಪ್‌ಡೇಟ್ ನಿಂತುಹೋದ ರೂಟರನ್ನು ಗುಜರಿಗೆ ಹಾಕುವ ಮೊದಲು ರೀಸೆಟ್ ಗುಂಡಿ ಒತ್ತಿ ಹಿಡಿದು ಅಳಿಸಿಬಿಡಿ. ನಿಮ್ಮ ಸಂಪರ್ಕದ ಯೂಸರ್ ಐಡಿ ಮತ್ತು ಪಾಸ್‌ವರ್ಡ್ ಅದರೊಳಗೇ ಉಳಿದಿರಬಹುದು.