ಶ್ರಾವಣದಲ್ಲಿ ಗುಂಡನ ಸವಾರಿ

ಮುಧೋಳ ನಾಯಿ ಸಾಕಿದವರಿಗೆ ದಾರಿಯಲ್ಲಿ ಸಿಗುವವರೆಲ್ಲ ಕೇಳುವ ಪ್ರಶ್ನೆ ಒಂದೇ: "ಪಾಪ, ಇದಕ್ಕೆ ಊಟ ಹಾಕುವುದಿಲ್ಲವೇ?" ನಮ್ಮ ನಾಯಿಯ ಪಕ್ಕೆಲುಬುಗಳನ್ನು ನಿಂತಲ್ಲೇ ಎಣಿಸಬಹುದು. ಅಂಥವನಿಗೆ ಮಗಳು ಗುಂಡ ಎಂದು ಹೆಸರಿಟ್ಟಿದ್ದಾಳೆ. ಈ ತಳಿಯ ಮೈಕಟ್ಟೇ ಹೀಗೆ, 2005ರಲ್ಲಿ ಇದರ ಅಂಚೆಚೀಟಿ ಕೂಡ ಬಂದಿದೆ ಎಂದು ನಾನು ವಿವರಿಸುವಷ್ಟರಲ್ಲಿ ಕೇಳಿದವರು ಗುಂಡನ ಬಾಯಿಗೆ ಬಿಸ್ಕತ್ತು ಹಾಕಿ, ನನ್ನನ್ನು ದುರುಗುಟ್ಟಿ ನೋಡಿ ಹೊರಟುಹೋಗಿರುತ್ತಾರೆ.

ಓಡುವುದಕ್ಕೆಂದೇ ಹುಟ್ಟಿದ ನಾಯಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೊರಗುತ್ತಿದೆ, ಒಂದು ವಾರಾಂತ್ಯ ಮಲೆನಾಡಿಗೆ ಕರೆದುಕೊಂಡು ಹೋಗೋಣ ಎಂದು ಮಗಳು ಹಟ ಹಿಡಿದಳು. ಗುಂಡನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಸೋಫಾ ಬಿಟ್ಟು ಎಲ್ಲಿಗೂ ಬರುವುದಿಲ್ಲ ಎನ್ನುತ್ತಿದ್ದ.

ಮಗಳು ಚಾರಣದ ಪಟ್ಟಿ ಮಾಡಿದಳು, ನಾನು ಒಂದೊಂದನ್ನೇ ಹೊಡೆದುಹಾಕಿದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸಾಕುನಾಯಿಗೆ ಪ್ರವೇಶವಿಲ್ಲ. ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮದೊಳಗಿದೆ, ಅಲ್ಲಿಯೂ ಇಲ್ಲ. ಇದರಲ್ಲಿ ನನಗೆ ತಕರಾರಿಲ್ಲ. ಊರಿನ ನಾಯಿಗಳ ರೋಗ ಕಾಡಿನ ಪ್ರಾಣಿಗಳಿಗೆ ಅಂಟಬಾರದು, ಅದಲ್ಲದೆ ಚಿರತೆಗೆ ನಾಯಿ ಎಂದರೆ ಬಲು ಪ್ರೀತಿ. ಸಕಲೇಶಪುರದ ಬಳಿ ಟಿಪ್ಪು ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಂತಿರುವ ಮಂಜರಾಬಾದ್ ಕೋಟೆಯನ್ನಾದರೂ ತೋರಿಸೋಣವೆಂದರೆ, ಸಂರಕ್ಷಿತ ಸ್ಮಾರಕದೊಳಗೆ ಪ್ರಾಣಿಗಳನ್ನು ತರುವಂತಿಲ್ಲ. ಬೀದಿನಾಯಿಗಳಿಗೆ ಮಾತ್ರ ಈ ನಿಯಮವನ್ನು ಯಾರೂ ಓದಿ ಹೇಳಿದಂತಿಲ್ಲ.

ಹೋಗುವುದು ಹೇಗೆ? ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ 2022ರಿಂದ ನಾಯಿಗೆ ಅರ್ಧ ಟಿಕೆಟ್, ಆದರೆ ರಾಜಹಂಸ, ಐರಾವತಗಳಿಗೆ ಹತ್ತಿಸುವುದಿಲ್ಲ. ರೈಲಿನಲ್ಲಾದರೆ ಮೊದಲ ದರ್ಜೆಯ ಎ.ಸಿ. ಕೂಪೆಯನ್ನು ಇಡಿಯಾಗಿ ಹಿಡಿಯಬೇಕು, ಇಲ್ಲವೇ ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. "ಪೆಟ್ಟಿಗೆಯೇ ಅಗ್ಗ" ಎಂದರು ಇವರು. "ಸರಿ ಅಪ್ಪ, ಗುಂಡ ನಮ್ಮ ಜೊತೆ ಬರಲಿ, ನೀವು ಪೆಟ್ಟಿಗೆಯಲ್ಲಿ ಬನ್ನಿ" ಎಂದಳು ಮಗಳು. ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಗುಂಡ ಉದ್ದಕ್ಕೂ ಮಲಗಿದ, ಉಳಿದ ಗೇಣು ಜಾಗದಲ್ಲಿ ನಾನು ಕುಳಿತೆ. ಪ್ರಯಾಣಕ್ಕೆ ಮುಂಚೆ ಹೊಟ್ಟೆ ತುಂಬ ಹಾಕಬೇಡಿ ಎಂದು ಪಶುವೈದ್ಯರು ಹೇಳಿದ್ದರಿಂದ ಅವನಿಗೆ ಬೆಳಗಿನ ಊಟ ಕೊಟ್ಟಿರಲಿಲ್ಲ. ಹಾಸನ ದಾಟುವ ಮೊದಲೇ ವಾಂತಿ ಮಾಡಿಕೊಂಡವಳು, ಇಡ್ಲಿ ವಡೆ ತಿಂದಿದ್ದ ಮಗಳು.

ಹೋಂಸ್ಟೇ ಕಾಫಿ ತೋಟದ ನಡುವೆ ಇತ್ತು. ನಾಯಿಗೆ ಸ್ವಾಗತ ಎಂದು ಫೋನಿನಲ್ಲಿ ಹೇಳಿದ್ದರು. ಆ ಸ್ವಾಗತಕ್ಕೆ ರೇಬೀಸ್ ಲಸಿಕೆಯ ಚೀಟಿ, ಬೇರೆ ಶುಲ್ಕ ಮತ್ತು ಮಂಚ ಹತ್ತುವುದಿಲ್ಲವೆಂಬ ಮುಚ್ಚಳಿಕೆ ಬೇಕಿತ್ತು. ಮುಚ್ಚಳಿಕೆಗೆ ಸಹಿ ಹಾಕಿದವರು ಇವರು. ಹಾಕುವಾಗಲೇ ಗುಂಡ ಮಂಚದ ಮೇಲಿದ್ದ.

ಹೊರಗೆ ಹಿಡಿದ ಮಳೆ ಬಿಡಲಿಲ್ಲ. ಮೈಮೇಲೆ ಕೂದಲೇ ಇಲ್ಲವೆನ್ನುವಂಥ ಬಯಲುಸೀಮೆಯ ನಾಯಿ ಅವನು, ಅಂಗಳಕ್ಕೆ ಒಂದು ಪಾದ ಇಟ್ಟು ಹಿಂದಕ್ಕೆಳೆದುಕೊಂಡ. ಕೊನೆಗೆ ಅವನು ಕಾಫಿ ಗಿಡದ ಬುಡದಲ್ಲಿ ಕಾಲೆತ್ತಿ ನಿಂತಾಗ ಇವರು ಕೊಡೆ ಹಿಡಿದು ನಿಂತರು. ವಾಪಸ್ಸು ಬಂದಾಗ ಗುಂಡನ ಬೆರಳ ಸಂದಿಯಲ್ಲಿ ಒಂದು ಇಂಬಳ. ಉಪ್ಪು ತಾ, ಸುಣ್ಣ ತಾ, ಟಾರ್ಚ್ ಹಿಡಿ ಎಂದು ಮನೆಯೆಲ್ಲ ಎದ್ದುಬಿತ್ತು. ಇವರ ಕಾಲುಚೀಲ ರಕ್ತದಲ್ಲಿ ತೊಯ್ದಿದ್ದನ್ನು ರಾತ್ರಿ ಒಗೆಯಲು ಹಾಕುವಾಗ ನೋಡಿದೆವು.

ಮರುದಿನ ಶನಿವಾರ. ಮಳೆ ಒಂದಿಷ್ಟು ಹೊಳವಾಯಿತು. ಹಳ್ಳದವರೆಗೆ ನಡೆಯೋಣವೆಂದು ಇವರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸರಪಳಿ ಹಿಡಿದು ಹೊರಟರು. ಮುಧೋಳ ನಾಯಿ ಬೇಟೆಯಾಡುವುದು ಮೂಗಿನಿಂದಲ್ಲ, ಕಣ್ಣಿನಿಂದ. ಎದುರಿಗೆ ಏನಾದರೂ ಓಡಿದರೆ ಸಾಕು, ಹಿಂದಿನವರು ಯಾರು ಎಂಬುದು ಅವಕ್ಕೆ ನೆನಪಿರುವುದಿಲ್ಲ. ಓಡಿದ್ದು ಮನೆಯೊಡತಿಯ ಹೇಂಟೆ. ಸರಪಳಿ ಹೋಯಿತು, ಕೊಡೆಯೂ ಹೋಯಿತು. ಇವರು ಕೆಸರಿನಿಂದ ಏಳುವಷ್ಟರಲ್ಲಿ ಗುಂಡ ಕೋಳಿಯನ್ನು ತಂದು ಮನೆಯೊಡತಿಯ ಕಾಲ ಬಳಿ ಇಟ್ಟು, ಬಾಲ ಅಲ್ಲಾಡಿಸುತ್ತ ನಿಂತಿದ್ದ.

ಆಕೆ ಬೈಯಲಿಲ್ಲ, ಲೆಕ್ಕ ಹೇಳಿದರು. "ಕಾವಿಗೆ ಕೂರಿಸಬೇಕೆಂದಿದ್ದ ಹೇಂಟೆ ಸಾರ್. ಕೋಳಿಯ ಬೆಲೆ, ಮೊಟ್ಟೆಗಳ ಬೆಲೆ, ಮರಿಗಳ ಬೆಲೆ." ಇವರು ವೃತ್ತಿಯಿಂದ ಲೆಕ್ಕಪರಿಶೋಧಕರು. ಮೈಯಿಂದ ಕೆಸರು ತೊಟ್ಟಿಕ್ಕುತ್ತಿದ್ದರೂ ಬಿಡಲಿಲ್ಲ. ಮೊಟ್ಟೆಯನ್ನು ಹಿಡಿದರೆ ಮರಿಯನ್ನು ಹಿಡಿಯುವಂತಿಲ್ಲ, ಅದೇ ಮೊಟ್ಟೆಯೇ ಮರಿಯಾಗುವುದು, ಒಂದೇ ಬಾಬತ್ತನ್ನು ಎರಡು ಸಲ ಬರೆದಂತಾಯಿತು ಎಂದರು. ಆಕೆ ಯೋಚಿಸಿದರು. "ಹಾಗಾದರೆ ಮೊಟ್ಟೆ ಬಿಡಿ, ಮರಿಯನ್ನೇ ಹಿಡಿಯಿರಿ." ಮರಿಯ ಬೆಲೆ ಮೊಟ್ಟೆಗಿಂತ ಬಹಳ ಹೆಚ್ಚು ಎಂಬುದು ಇವರಿಗೆ ಹೊಳೆದದ್ದು ಹಣ ಎಣಿಸಿಕೊಟ್ಟ ಮೇಲೆ.

ಹಣ ಕೊಟ್ಟ ಮೇಲೆ ಕೋಳಿ ನಮ್ಮದು. ರಾತ್ರಿ ಕಡುಬಿನ ಜೊತೆ ಅದರ ಸಾರು ಬಂತು. ಪರಿಮಳ ಹಜಾರಕ್ಕೆಲ್ಲ ಹಬ್ಬಿತ್ತು. ಅದು ಶ್ರಾವಣ ಶನಿವಾರ. ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ನಮಗೆ ಕಳಲೆ ಪಲ್ಯ ಬಡಿಸಿ, ನಮ್ಮ ಕೋಳಿಯನ್ನು ಮನೆಯವರು ಸೊಗಸಾಗಿ ಉಂಡರು. ಬೇಯಿಸಿದ ಕೋಳಿಯ ಮೂಳೆ ಸೀಳಿ ನಾಯಿಯ ಕರುಳಿಗೆ ಚುಚ್ಚುತ್ತದೆ, ಈರುಳ್ಳಿಯಂತೂ ವಿಷ ಎಂದು ಮಗಳು ಅಡುಗೆಮನೆಯಲ್ಲಿ ಮೊದಲೇ ಹೇಳಿಟ್ಟಿದ್ದಳು. ಹಾಗಾಗಿ ಮಸಾಲೆ ಹಾಕುವ ಮುಂಚೆಯೇ ತೆಗೆದಿಟ್ಟ ಮೆತ್ತನೆಯ ತುಂಡುಗಳನ್ನು ಬಿಡಿಸಿ, ಅನ್ನದಲ್ಲಿ ಕಲಸಿ ಗುಂಡನಿಗೆ ಕೊಟ್ಟರು.

ಭಾನುವಾರ ಹೊರಡುವಾಗ ಮನೆಯೊಡತಿ ಕಾರಿನವರೆಗೆ ಬಂದು ಗುಂಡನ ತಲೆ ಸವರಿದರು. "ಇವನು ಯಾವಾಗ ಬೇಕಾದರೂ ಬರಲಿ. ನೀವು ಮಾತ್ರ ಶ್ರಾವಣ ಮುಗಿಸಿಕೊಂಡು ಬನ್ನಿ ಸಾರ್."