ಒಂದು ಮೊಟ್ಟೆ, ಎರಡು ಎಸಳು ಬೆಳ್ಳುಳ್ಳಿ

ನಿನ್ನೆ ಸಂಜೆ ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಬರೆದಾದರೂ ಇಳಿಸ್ಕೋತೀನಿ.

ಊರ ಕಡೆಯವರೊಬ್ಬರು ಫಿಲಿಪ್ಪೀನ್ಸ್‌ನ ಮನಿಲಾಗೆ ಬಂದವರು, ಐಆರ್ 8 ಅನ್ನೋ ಹೆಚ್ಚು ಇಳುವರಿಯ ಭತ್ತ ಹುಟ್ಟಿದ ಜಾಗ ನೋಡ್ಬೇಕು ಅಂತ ನಾನಿರೋ ಲಾಸ್ ಬಾನ್ಯೋಸ್‌ಗೂ ಬಂದಿದ್ದರು. 1966ರಲ್ಲಿ ಬಿಡುಗಡೆಯಾದ ಆ ತಳಿಯನ್ನ ಅವರ ತಂದೆ ಬೆಳೆದಿದ್ದರಂತೆ. ಹಗಲೆಲ್ಲ ಇಲ್ಲಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆ ಬದುವಿನಲ್ಲಿ ನಿಂತು ಭಕ್ತಿಯಿಂದ ನೋಡಿದರು. ನನಗೂ ಖುಷಿಯಾಗಿತ್ತು.

ಸಂಜೆ ನಮ್ಮ ಬೀದಿಯ ಸಾರಿ-ಸಾರಿ ಅಂಗಡಿಗೆ ಕರ್ಕೊಂಡು ಹೋದೆ. ಮನೆ ಮುಂದಿನ ಕೋಣೆಗೇ ಕಂಬಿ ಹಾಕಿ, ಒಳಗೆ ಸರದ ಹಾಗೆ ಸ್ಯಾಶೆ ತೂಗುಹಾಕಿರುವ ಅಂಗಡಿ. ಈ ದೇಶದಲ್ಲಿ ಇಂಥವು ಹತ್ತು ಲಕ್ಷಕ್ಕೂ ಮಿಕ್ಕಿವೆ. ನಮಗಿಂತ ಮುಂದೆ ಟ್ರೈಸಿಕಲ್, ಅಂದರೆ ಬೈಕಿನ ಪಕ್ಕಕ್ಕೆ ಸೀಟು ಜೋಡಿಸಿದ ಬಾಡಿಗೆ ಗಾಡಿ, ಓಡಿಸೋ ಹುಡುಗನೊಬ್ಬ ನಿಂತಿದ್ದ. ಒಂದು ಮೊಟ್ಟೆ, ಎರಡು ಎಸಳು ಬೆಳ್ಳುಳ್ಳಿ, ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಎಣ್ಣೆ, ಒಂದು ಶಾಂಪೂ ಸ್ಯಾಶೆ ತಗೊಂಡ. ಇವರು ನಕ್ಕುಬಿಟ್ಟರು. "ಒಂದೊಂದು ಮೊಟ್ಟೆ ಕೊಂಡ್ಕೊಂಡ್ರೆ ಈ ಜನ ಯಾವತ್ತು ಉದ್ಧಾರ ಆಗೋದು?" ಕನ್ನಡದಲ್ಲೇ ಅಂದರು. ಆದರೂ ಆ ಹುಡುಗ ತಿರುಗಿ ನೋಡಿದ.

ನಗೋದೇನಿದೆ ಅದರಲ್ಲಿ? ಗಾಡಿ ಅವನದಲ್ಲದಿದ್ದರೆ ದಿನದ ದುಡಿಮೆಯಲ್ಲಿ ಮೊದಲು ಮಾಲೀಕನ ಬಾಡಿಗೆ ಕಟ್ಟಬೇಕು. ಅದಕ್ಕಿಲ್ಲಿ ಬೌಂಡರಿ ಅಂತಾರೆ. ಆಮೇಲೆ ಪೆಟ್ರೋಲು. ಮಿಕ್ಕ ಪೆಸೊಗಳಲ್ಲಿ ರಾತ್ರಿ ಅಡುಗೆ. ಇವತ್ತಿನ ದುಡ್ಡು ಇವತ್ತೇ ಕೈಗೆ ಬರೋನು ಇವತ್ತಿಗೆ ಬೇಕಾದಷ್ಟೇ ಕೊಳ್ತಾನೆ. ಹೀಗೆ ಚಿಲ್ಲರೆಯಾಗಿ ಕೊಳ್ಳೋದಕ್ಕೆ ಇಲ್ಲಿನವರ ಭಾಷೇಲಿ ತಿಂಗಿ ಅಂತ ಹೆಸರೇ ಇದೆ. ದಡ್ಡತನ ಅಲ್ಲ ಅದು, ಲೆಕ್ಕ.

ಇಡೀ ಬಾಟಲಿ ಕೊಂಡರೆ ಅಗ್ಗ, ಈ ಸ್ಯಾಶೆಗಳಿಂದ ಕೆರೆ ಹೊಳೆಯೆಲ್ಲ ಹಾಳು ಅಂತ ಯಾರಾದರೂ ಹೇಳೇ ಹೇಳ್ತೀರಿ. ಗೊತ್ತು. ಈ ದೇಶದಲ್ಲಿ ದಿನಕ್ಕೆ 16 ಕೋಟಿಗೂ ಹೆಚ್ಚು ಸ್ಯಾಶೆ ಬಳಕೆಯಾಗುತ್ತೆ ಅಂತ 2019ರಲ್ಲಿ ಗಾಯಾ ಅನ್ನೋ ಪರಿಸರ ಸಂಘಟನೆ ಅಂದಾಜು ಮಾಡಿತ್ತು. ಆದರೆ ಸ್ಯಾಶೆ ಮಾಡಿದ್ದು ಆ ಹುಡುಗನಾ? ಅದು ಬರೋಕೆ ಮುಂಚೆ ಎಣ್ಣೆ, ವಿನೆಗರ್‌ಗೆ ಜನ ಮನೆಯಿಂದಲೇ ಸೀಸೆ ತರ್ತಿದ್ದರು. ಲಾಭ ಕಂಪನಿಗೆ, ಬೈಗುಳ ಬಡವನಿಗೆ. ಈ ವಾದ ನನ್ನ ಹತ್ತಿರ ಬೇಡ.

ಸೀಸೆ ಅಂದಾಗಲೇ ಅಪ್ಪನ ಅಂಗಡಿ ಕಣ್ಣಮುಂದೆ ಬರುತ್ತೆ. ಮದ್ದೂರಿನ ಹತ್ತಿರದ ನಮ್ಮೂರಲ್ಲಿ, ಕುತ್ತಿಗೆಗೆ ದಾರ ಕಟ್ಟಿದ ಸೀಸೆ ಹಿಡ್ಕೊಂಡು ಮಕ್ಕಳು ಎಣ್ಣೆಗೆ ಬರೋವು. ಎರಡು ಬೀಡಿ, ಒಂದು ತಲೆನೋವಿನ ಮಾತ್ರೆ, ಪೊಟ್ಟಣ ಕಟ್ಟಿದ ಟೀ ಪುಡಿ. ಉದ್ರಿ ಪುಸ್ತಕ ತುಂಬಿ, ಕಬ್ಬಿನ ದುಡ್ಡು ಬಂದಾಗ ತೀರೋದು. ಇಲ್ಲಿ ಆ ಸಾಲಕ್ಕೆ ಊತಂಗ್ ಅಂತಾರೆ, ಪುಸ್ತಕಕ್ಕೆ ಲಿಸ್ತಹಾನ್. ಕಾಯಂ ಗಿರಾಕಿ ಸೂಕಿ. ಗಿರಾಕಿಗೆ ಅಂಗಡಿಯವಳೂ ಸೂಕಿಯೇ. ನಮ್ಮ ಹಾಲಿನ ವರ್ತನೆ ಇದ್ದ ಹಾಗೆ. ಬಂದ ಹೊಸದರಲ್ಲಿ ಅಂಗಡಿ ಮುಂದೆ ನಿಂತು ಜನ "ಪಬಿಲಿ ಪೊ", ಕೊಡ್ತೀರಾ ಅಂತ ಕೂಗೋದು ಕೇಳಿ, "ಅಂಗ್ಡಿಯಣ್ಣಾ" ಅಂತ ಕೂಗಿದ ಹಾಗಾಗಿ ಅಳು ಬಂದಿತ್ತು. ಪಕ್ಕದ ಮನೇಲಿ ಸಿನಿಗಾಂಗ್ ಅನ್ನೋ ಹುಳಿ ಸಾರಿಗೆ ಹುಣಸೆ ಕುದಿಯುವಾಗ ಈಗಲೂ ಒಂದು ಗಳಿಗೆ ಕೆಲಸ ಬಿಟ್ಟು ನಿಲ್ತೀನಿ. ಊರು ನೆನಪಾಗೋದು ಹಬ್ಬದ ದಿನವಲ್ಲ, ಇಂಥ ಹೊತ್ತಲ್ಲೇ.

ಆದರೆ ಒಂದು ಮಾತು ಹೇಳಿಬಿಡ್ತೀನಿ. ಮಂಡ್ಯದಲ್ಲಿ ಕಾಲೇಜಿಗೆ ಹೋಗುವಾಗ, ಅಪ್ಪ ಏನ್ ಮಾಡ್ತಾರೆ ಅಂತ ಗೆಳತಿಯರು ಕೇಳಿದರೆ "ಬಿಸಿನೆಸ್" ಅಂತಿದ್ದೆ. ಒಮ್ಮೆ ಅಪ್ಪ ಕಾಲೇಜಿನ ಹತ್ತಿರ ಬಂದಾಗ ಬೇಗ ಬೇಗ ಮಾತಾಡಿ ಕಳಿಸಿದ್ದೆ. ಅವರಿಗೆ ಗೊತ್ತಾಗಿತ್ತು. ಏನೂ ಅನ್ನಲಿಲ್ಲ. ಅವರು ಹೋಗಿ ಆರು ವರ್ಷವಾಯ್ತು, ಕ್ಷಮೆ ಕೇಳಲಿಲ್ಲ ನಾನು. ನಿನ್ನೆಯೂ, ಮನೆಗೆ ಬಂದವರು, ವಯಸ್ಸಾದವರು ಅಂತ ಬಾಯಿ ಮುಚ್ಕೊಂಡು ನಿಂತೆ. ಅವರ ಮೇಲಿನ ಸಿಟ್ಟಿಗಿಂತ ಆ ಮೌನದ ಮೇಲಿನ ಸಿಟ್ಟೇ ದೊಡ್ಡದು.

ನೀವು ಇದನ್ನ ಓದ್ತೀರಿ ಅಂತ ಗೊತ್ತು, ಅಣ್ಣ. ನೀವು ಕೈಮುಗಿದ ಭತ್ತವೂ ಇಂಥ ಮನೆಗಳ ತಟ್ಟೆಗೇ ಹುಟ್ಟಿದ್ದು. ಆ ಹುಡುಗನ ಮೊಟ್ಟೆ ನೋಡಿ ನಗಬಾರದಿತ್ತು ನೀವು.

ಇವತ್ತು ಬೆಳಿಗ್ಗೆ ಅಂಗಡಿಗೆ ಹೋದೆ. ಆತೆ, ಅಂದರೆ ಅಕ್ಕ, ನಾವೆಲ್ಲ ಅವಳನ್ನ ಕರೆಯೋದು ಹಾಗೇ, "ಊಟ ಆಯ್ತಾ" ಅಂತ ಅವಳ ಭಾಷೇಲಿ ಕೇಳಿದಳು. ಒಂದು ಮೊಟ್ಟೆ ಕೊಡು ಅಂದೆ. ನನ್ನ ಹತ್ತಿರ ಸಾವಿರದ ನೋಟೊಂದೇ ಇತ್ತು, ಅವಳ ಹತ್ತಿರ ಚಿಲ್ಲರೆ ಇರಲಿಲ್ಲ. ಪುಸ್ತಕ ತೆಗೆದು ನನ್ನ ಹೆಸರು ಬರೆದುಕೊಂಡಳು. ನಾಲ್ಕು ವರ್ಷದಲ್ಲಿ ಮೊದಲ ಸಲ. ಸಂಜೆ ಹೋಗಿ ಕೊಡ್ಬೇಕು.